ಹದಿನೇಳನೇ ನಂಬರಿನ ನಾಲಗೆ

ಇಂದುಮತಿ ಕೆಂಪು ಗುಂಡಿಯನ್ನು ಒತ್ತಿ, ಬೆರಳನ್ನು ಅಲ್ಲೇ ಇಟ್ಟುಕೊಂಡಳು. ಪರದೆಯ ಮೂಲೆಯಲ್ಲಿ ಅಂಕಿ ಇಳಿಯತೊಡಗಿತು. ನಲವತ್ತು. ಮೂವತ್ತೊಂಬತ್ತು. ಮೂವತ್ತೆಂಟು. ನಡುವೆ ಬೆರಳು ತೆಗೆದರೆ ಎಣಿಕೆ ಮತ್ತೆ ನಲವತ್ತರಿಂದ ಶುರುವಾಗುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ಮೂರು ಸಲ ಬೆರಳು ತೆಗೆದಿದ್ದಳು. ಮೂರು ಸಲವೂ ಆ ಕಡೆಯ ಮನುಷ್ಯ ದುಪ್ಪಟ್ಟು ಅನುಭವಿಸಿದ್ದ. ಈಗ ತೆಗೆಯುವುದಿಲ್ಲ.

ಪರದೆಯ ಮೇಲೆ, ಹಳೇ ನಿಲ್ದಾಣದಲ್ಲಿ ಆಗತಾನೇ ನಿಂತ ಬಸ್ಸಿನ ಚಾಲಕ ಕಾಣುತ್ತಿದ್ದ. ಎಂಜಿನ್ ಆರಿಸಿದ್ದ. ಎರಡೂ ಕೈ ಸ್ಟಿಯರಿಂಗಿನ ಮೇಲಿದ್ದವು. ಮೊದಲು ಕಣ್ಣು ಮುಚ್ಚಿದ. ಆಮೇಲೆ ಕಿಟಕಿಯ ಗಾಜು ಸರಿಸಿ ಹೊರಗೆ ಉಗುಳಿದ. ಇನ್ನೊಮ್ಮೆ ಉಗುಳಿದ. ಉಗುಳಿದರೆ ಹೋಗುವ ಕಹಿಯಲ್ಲ ಅದು. ಅವನಿಗೂ ಗೊತ್ತಿತ್ತು.

"ಹದಿನೇಳಕ್ಕೆ ಎಷ್ಟು ಬಂದಿತ್ತು?" ಹಿಂದಿನಿಂದ ಡಾಕ್ಟರ್ ಪದ್ಮರಾಜಯ್ಯ ಕೇಳಿದರು.

"ನಲವತ್ತೊಂದು, ಸರ್."

"ಮುಂದಿನ ಟ್ರಿಪ್ ನೋಡ್ತಾ ಇರಿ. ಐವತ್ತೈದು ದಾಟುತ್ತೆ."

ಒಂದು ಗಂಟೆಯ ನಂತರ ಹದಿನೇಳನೇ ನಂಬರು ವಾಪಸು ಬಂತು. ಐವತ್ತೆಂಟು. ಡಾಕ್ಟರು ತಮ್ಮ ಹಾಳೆಯಲ್ಲಿ ಒಂದು ಗೀಟು ಹಾಕಿಕೊಂಡರು. ಅವರ ಮುಖದಲ್ಲಿ ಗೆದ್ದವನ ಖುಷಿ ಇರಲಿಲ್ಲ. ಲೆಕ್ಕದ ಉತ್ತರ ಪುಸ್ತಕದ ಕೊನೆಯ ಪುಟಕ್ಕೆ ತಾಳೆಯಾದಾಗ ವಿದ್ಯಾರ್ಥಿಯ ಮುಖದಲ್ಲಿ ಬರುವ ನೆಮ್ಮದಿ ಇತ್ತು.

ಚಾಲಕರ ಹೆಸರು ಪರದೆಯ ಮೇಲೆ ಬರಬಾರದು, ಬರೀ ನಂಬರು ಬರಬೇಕು ಎಂದು ನಿಯಮ. ಆದರೆ ಹದಿನಾಲ್ಕು ವರ್ಷ ಒಂದೇ ತಟ್ಟೆಸ್ಟ್ಯಾಂಡಿನಿಂದ ತಟ್ಟೆ ತೆಗೆದುಕೊಂಡ ಗಂಡನನ್ನು ಗುರುತಿಸಲು ಹೆಸರು ಬೇಕೆ.

*

ಮಲಪ್ರಭಾ ನಗರದ ಬಸ್ ಡಿಪೋದಲ್ಲಿ ನಲವತ್ತು ಚಾಲಕರ ಎಡಗಿವಿಯ ಹಿಂದೆ, ಚರ್ಮದ ಕೆಳಗೆ, ಹುಣಸೆಬೀಜದಷ್ಟು ದೊಡ್ಡ ಒಂದು ವಸ್ತುವನ್ನು ಕೂರಿಸಲಾಗಿತ್ತು. ಅದಕ್ಕೊಂದು ಉದ್ದನೆಯ ಸರಕಾರಿ ಹೆಸರಿತ್ತು. ಚಾಲಕರು ಬೀಜ ಎನ್ನುತ್ತಿದ್ದರು. ನಾಲಗೆಯಿಂದ ಮಿದುಳಿಗೆ ರುಚಿಯ ಸುದ್ದಿ ಒಯ್ಯುವ ನರವೊಂದು ಕಿವಿಯೊಳಗಿಂದ ಹಾದುಹೋಗುತ್ತದೆ. ಬೀಜ ಆ ನರವನ್ನು ಮುಟ್ಟುತ್ತದೆ. ಒಂದು ಬಗೆಯಲ್ಲಿ ಮುಟ್ಟಿದರೆ ಬಾಯಿ ತುಂಬ ಕಹಿ, ಇನ್ನೊಂದು ಬಗೆಯಲ್ಲಿ ಮುಟ್ಟಿದರೆ ಸಿಹಿ. ನಾಲಗೆಯ ಮೇಲೆ ಏನೂ ಇರುವುದಿಲ್ಲ.

ಪ್ರತಿ ಟ್ರಿಪ್ಪಿಗೂ ಬಸ್ಸಿನ ಯಂತ್ರ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಿತ್ತು. ಬ್ರೇಕು ಎಷ್ಟು ಜೋರಾಗಿ ಹಾಕಿದ, ತಿರುವಿನಲ್ಲಿ ಎಷ್ಟು ವಾಲಿಸಿದ, ನಿಲ್ದಾಣಕ್ಕೆ ಎಷ್ಟು ತಡಮಾಡಿದ. ನಲವತ್ತೈದಕ್ಕಿಂತ ಕೆಳಗೆ ಬಂದರೆ ಬಸ್ಸು ನಿಂತ ಕೂಡಲೇ ನಲವತ್ತು ಸೆಕೆಂಡು ಕಹಿ. ಎಪ್ಪತ್ತೈದು ದಾಟಿದರೆ ನಲವತ್ತು ಸೆಕೆಂಡು ಸಿಹಿ. ಅಂಕ ಯಂತ್ರ ಹಾಕಬಹುದು, ಆದರೆ ಮನುಷ್ಯನ ಬಾಯಿಗೆ ರುಚಿ ಹಾಕುವುದು ಮನುಷ್ಯನ ಬೆರಳೇ ಆಗಿರಬೇಕು ಎಂದು ಯಾವುದೋ ಸಮಿತಿ ಹೇಳಿತ್ತು. ಬೆಳಗಿನ ಪಾಳಿಯಲ್ಲಿ ಆ ಬೆರಳು ಇಂದುಮತಿಯದು. ಸಂಖ್ಯಾಶಾಸ್ತ್ರದಲ್ಲಿ ಪದವಿ ಮಾಡಿಕೊಂಡಿದ್ದ ಅವಳ ಹುದ್ದೆ ದಾಖಲೆ ಸಹಾಯಕಿಯದು. ಆರು ತಿಂಗಳ ಪ್ರಯೋಗದ ಕೊನೆಗೆ ವರದಿಗೆ ಎರಡು ಸಹಿ ಬೇಕು. ಒಂದು ಡಾಕ್ಟರದು, ಒಂದು ಅವಳದು. ಆ ವರದಿ ಒಪ್ಪಿತವಾದರೆ ಸಾರಿಗೆ ಸಂಸ್ಥೆಯ ಹನ್ನೊಂದು ಸಾವಿರ ಚಾಲಕರಿಗೂ ಬೀಜ.

ಚಾಲಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದರು. ಹಾಕದವರನ್ನು ದೂರದ ಡಿಪೋಗಳಿಗೆ ಕಳಿಸಲಾಗಿತ್ತು.

*

ಮೊದಲ ಪಾಳಿಯಿದ್ದ ವಾರ ಫಕೀರಪ್ಪ ಮೂರು ಗಂಟೆಗೆ ಮನೆಗೆ ಬರುತ್ತಿದ್ದ. ಅವತ್ತೂ ಬಂದ. ಕೈಕಾಲು ತೊಳೆದು ಅಡುಗೆಮನೆಯಲ್ಲಿ ಕೂತ. ಎರಡಕ್ಕೇ ಪಾಳಿ ಮುಗಿಸಿ ಬಂದಿದ್ದ ಇಂದುಮತಿ ಒರಳಿನಲ್ಲಿ ಶೇಂಗಾಹಿಂಡಿ ಕುಟ್ಟುತ್ತಿದ್ದಳು. ಮಿಕ್ಸರನ್ನು ಕಪಾಟಿನ ಮೇಲೆ, ಬಟ್ಟೆ ಸುತ್ತಿ ಎತ್ತಿಟ್ಟು ಎರಡು ತಿಂಗಳಾಗಿತ್ತು.

ಕಾರಣ ಸರಳವಾಗಿತ್ತು. ಕಹಿ ಬರುವುದು ಎಂಜಿನ್ ಆರಿಸಿದ ಮೇಲೆ. ಹೀಗಾಗಿ ಅವನ ನಾಲಗೆ ಎಂಜಿನ್ ನಿಂತ ಮೇಲಿನ ಮೌನವನ್ನೇ ಕಲಿತುಬಿಟ್ಟಿತ್ತು. ಮಿಕ್ಸರು ನಿಂತರೂ ಕಹಿ, ನೀರಿನ ಮೋಟಾರು ನಿಂತರೂ ಕಹಿ, ಪಕ್ಕದ ಮನೆಯವನ ಬೈಕು ನಿಂತರೂ ಕಹಿ. ಆಗ ಯಾರ ಬೆರಳೂ ಯಾವ ಗುಂಡಿಯ ಮೇಲೂ ಇರುತ್ತಿರಲಿಲ್ಲ. ಒಮ್ಮೆ ಬಾಯಿ ಹಾಗಾಯಿತೆಂದರೆ ಒಂದು ತಾಸು ಊಟ ಸೇರುತ್ತಿರಲಿಲ್ಲ. ಅವನ ಖಾಕಿ ಅಂಗಿಯ ಕಾಲರಿನೊಳಗೆ ಈಗ ಎರಡು ಬೆರಳು ಹೋಗುತ್ತಿದ್ದವು.

"ಇವತ್ತ ನೀನ ಒತ್ತಿದ್ದೇನು?" ಫಕೀರಪ್ಪ ಕೇಳಿದ.

"ಹೂಂ. ನಾನ."

"ಗೊತ್ತಾತು. ನೀ ಒತ್ತಿದ್ರ ನಲವತ್ತಕ್ಕ ಬರೋಬ್ಬರಿ ನಿಲ್ಲತೈತಿ. ಆ ಸಂಜಿ ಪಾಳಿ ಹುಡುಗಿ ಮಾತಾಡ್ಕೊಂತ ಐವತ್ತರ ತನಕ ಒತ್ತತಾಳ."

"ಏನಾಗಿತ್ರಿ ಆ ಟ್ರಿಪ್ಪಿನ್ಯಾಗ?"

"ಏನಾಗೂದೈತಿ. ಕಬ್ಬಿನ ಟ್ರ್ಯಾಕ್ಟರ್ ಅಡ್ಡ ನಿಂತಿತ್ತು. ಸಾಲಿ ಬಿಟ್ಟಿತ್ತು. ಮೂರ್ ಸಲ ಬ್ರೇಕ್ ಹಾಕಿದೆ. ಹಾಕ್ಲಿಲ್ಲಂದ್ರ ಕಹಿ ಇರ್ತಿರ್ಲಿಲ್ಲ, ಜೈಲ್ ಇರ್ತಿತ್ತು." ಅವನು ರೊಟ್ಟಿ ಮುರಿದ. "ಖರೇ ಹೇಳ್ಲೇನು? ಕಹಿ ಬಿದ್ದ ಮ್ಯಾಲ ನಾ ಚಲೋ ಹೊಡಿತೀನಿ ಅಂತ ನಂಗೂ ಅನಸ್ತೈತಿ. ಅದಕ್ಕ ಸಿಟ್ಟು ಬರತೈತಿ."

"ಮತ್ತ ಸಿಹಿ ಬಿದ್ದಾಗ?"

"ಅದೂ ಹಂಗ ಐತಿ ಬಿಡು. ಯಾರೋ ಕೇಳಲಾರದ ಬಾಯಾಗ ಕೈ ಹಾಕಿದಂಗ."

ಬೀದಿಯಲ್ಲಿ ಆಟೋ ಒಂದು ನಿಂತು ಸದ್ದಡಗಿತು. ಫಕೀರಪ್ಪ ಬಾಯೊಳಗಿದ್ದ ತುತ್ತನ್ನು ಅಗಿಯುವುದು ನಿಲ್ಲಿಸಿದ. ತಟ್ಟೆಯನ್ನು ನಿಧಾನವಾಗಿ ದೂರ ಸರಿಸಿದ.

*

"ನೀವು ನನ್ನನ್ನ ಕಟುಕ ಅಂದ್ಕೊಂಡಿರಬಹುದು, ಇಂದುಮತಿ," ಡಾಕ್ಟರು ಮರುದಿನ ಹೇಳಿದರು. ಕಾಫಿಯ ಲೋಟ ಕೈಯಲ್ಲೇ ತಣ್ಣಗಾಗಿತ್ತು. "ನಾನು ಮೈಸೂರಿಂದ ಇಲ್ಲಿಗೆ ಬಂದಿದ್ದೇ ಸಿಹಿ ಗೆಲ್ಲಲಿ ಅಂತ. ಇಪ್ಪತ್ತು ವರ್ಷ ಇಲಿಗಳಿಗೆ ಸಿಹಿ ಕೊಟ್ಟೋನು ನಾನು. ಆದ್ರೆ ಈ ಅಂಕಿ ನೋಡಿ."

ಅಂಕಿಗಳನ್ನು ಅವಳೇ ಬರೆದಿದ್ದಳು. ಕಹಿ ಬಿದ್ದ ಟ್ರಿಪ್ಪಿನ ಮುಂದಿನ ಟ್ರಿಪ್ಪಿನಲ್ಲಿ ಚಾಲಕರು ಸರಾಸರಿ ಹದಿನಾಲ್ಕು ಅಂಕ ಮೇಲೇರಿದ್ದರು. ಸಿಹಿ ಬಿದ್ದವರು ಮುಂದಿನ ಟ್ರಿಪ್ಪಿನಲ್ಲಿ ಹನ್ನೊಂದು ಅಂಕ ಕೆಳಗಿಳಿದಿದ್ದರು. ವಾರ ಬದಲಾದರೂ, ಮಾರ್ಗ ಬದಲಾದರೂ ಅದೇ.

"ಹೊಗಳಿದ್ರೆ ಮೈಮರೀತಾರೆ. ದಂಡಿಸಿದ್ರೆ ತಿದ್ದಿಕೊಳ್ತಾರೆ. ನನಗೆ ಇಷ್ಟ ಇಲ್ಲ, ಆದ್ರೆ ಇದೇ ಸತ್ಯ. ಸತ್ಯ ನನ್ನ ಇಷ್ಟ ಕೇಳಿಕೊಂಡು ಬರಲ್ಲವಲ್ಲ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

*

ಖಂಡೇಪೂಜೆಯ ದಿನ ಡಿಪೋದ ಎಲ್ಲ ಬಸ್ಸುಗಳನ್ನು ತೊಳೆದು, ಬಾಳೆಕಂಬ ಕಟ್ಟಿ, ಚೆಂಡುಹೂವಿನ ಮಾಲೆ ಹಾಕಿದರು. ಸ್ಪ್ಯಾನರು, ಜ್ಯಾಕು, ಟೈರಿನ ಗಾಳಿಯಂತ್ರ, ಟಿಕೆಟ್ ಯಂತ್ರ, ಎಲ್ಲಕ್ಕೂ ಕುಂಕುಮ. ಡಿಪೋದ ಎಲೆಕ್ಟ್ರಿಷಿಯನ್ ಹುಸೇನಸಾಬ್ ಮೂವತ್ತು ವರ್ಷದಿಂದ ಈ ಕೆಲಸದ ಮುಖಂಡ. ಅವನ ಕೈಯಿಂದ ಗಂಧ ಬಿದ್ದ ಗಾಡಿ ವರ್ಷವಿಡೀ ದಾರಿಯಲ್ಲಿ ನಿಲ್ಲುವುದಿಲ್ಲ ಎಂದು ಚಾಲಕರ ನಂಬಿಕೆ. ಬಸ್ಸುಗಳೆಲ್ಲ ಮುಗಿದ ಮೇಲೆ ಅವನು ಗಂಧದ ಬಟ್ಟಲು ಹಿಡಿದು ನಿಯಂತ್ರಣ ಕೋಣೆಯ ಬಾಗಿಲಲ್ಲಿ ನಿಂತ.

"ಇದಕ್ಕೂ ಹಚ್ಚೂದೇನ್ರಿ ಡಾಕ್ಟರ? ಇದೂ ಒಂದ್ ಆಯುಧನ ಅಲ್ಲ?"

ಡಾಕ್ಟರು ನಕ್ಕರು. "ಹಚ್ಚಿ ಹಚ್ಚಿ. ಇದಕ್ಕೇ ಮೊದಲು ಹಚ್ಚಬೇಕಿತ್ತು."

ಬೀಜಗಳಿಗೆ ಆಜ್ಞೆ ಕಳಿಸುವ ಪ್ರಸಾರ ಪೆಟ್ಟಿಗೆ ಗೋಡೆಗೆ ತಗುಲಿಕೊಂಡಿತ್ತು. ಅದರ ನೆತ್ತಿಯಲ್ಲಿ ಆಂಟೆನಾದ ಹಿತ್ತಾಳೆ ಜೋಡಣೆ ಹಣೆಯಂತೆ ಹೊಳೆಯುತ್ತಿತ್ತು. ಹುಸೇನಸಾಬ್ ಧಾರಾಳವಾಗಿ ಗಂಧ ಮೆತ್ತಿ, ನಡುವೆ ಕುಂಕುಮವಿಟ್ಟು, ಮೇಲೊಂದು ಹೂವು ಸಿಕ್ಕಿಸಿದ. ಡಾಕ್ಟರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಬಾಗಿಲಲ್ಲಿ ಕುಂಬಳಕಾಯಿ ಒಡೆದವರೂ ಅವರೇ.

*

ಪೂಜೆಯಾಗಿ ಹನ್ನೊಂದನೇ ದಿನ ಇಂದುಮತಿ ಒಂದು ತಪ್ಪು ಮಾಡಿದಳು. ಒರಳಿನಲ್ಲಿ ಕುಟ್ಟಲು ಬೇಜಾರಾಗಿ, ಗಂಡ ಬರುವುದರೊಳಗೆ ಮುಗಿಸೋಣವೆಂದು ಮಿಕ್ಸರು ಇಳಿಸಿದಳು. ಅವನು ಬೇಗ ಬಂದ. ಅವನು ಒಳಗೆ ಕಾಲಿಡುವುದಕ್ಕೂ ಮಿಕ್ಸರು ನಿಲ್ಲುವುದಕ್ಕೂ ಸರಿಹೋಯಿತು. ಅವಳು ಹಾಗೇ ನಿಂತಳು.

ಫಕೀರಪ್ಪ ಕೂತ. ಪುಂಡಿಪಲ್ಯ ಹಾಕಿಸಿಕೊಂಡ. ಒಂದು ರೊಟ್ಟಿ ಮುಗಿಸಿದ. "ಇನ್ನೊಂದ ಹಾಕು," ಅಂದ.

ಅವಳು ಹಾಕಿದಳು. ಅದೂ ಮುಗಿಯಿತು.

"ರೀ, ಮಿಕ್ಸರ್ ಸಪ್ಪಳ ಕೇಳ್ಲಿಲ್ಲೇನು?"

"ಕೇಳ್ತು. ಸಣ್ಣಂಗ ಕಹಿ ಬಂದಂಗಾತು, ಹೋತು." ಅವನು ಬೆರಳು ನೆಕ್ಕಿದ. "ಪೂಜಿ ಆದಾಗಿಂದ ಹಂಗ ಐತಿ. ಹನ್ನೊಂದ್ ದಿನ ಆತು, ಡಿಪೋದಾಗ ಒಂದ್ ಸಲಾನೂ ಕಹಿ ಬಿದ್ದಿಲ್ಲ ನಂಗ. ಬನಶಂಕರಿ ಕಣ್ಣು ತೆರದಾಳ. ಇಲ್ಲಾ, ನಾ ಅಷ್ಟ್ ಚಲೋ ಹೊಡ್ಯಾಕತ್ತೀನಿ."

ಇಂದುಮತಿ ಮಿಕ್ಸರಿನ ವಾಯರು ಸುತ್ತಿಟ್ಟಳು. ಈ ಹನ್ನೊಂದು ದಿನದಲ್ಲಿ ಅವಳೊಬ್ಬಳೇ ಹದಿನೇಳನೇ ನಂಬರಿಗೆ ಏಳು ಸಲ ಕಹಿ ಒತ್ತಿದ್ದಳು. ನಿನ್ನೆಯೂ ಒತ್ತಿದ್ದಳು. ನಿನ್ನೆ ಪರದೆಯಲ್ಲಿ ಅವನು ಉಗುಳಲಿಲ್ಲ ಎಂಬುದು ಈಗ ನೆನಪಾಯಿತು. ಪಳಗಿದ್ದಾನೆ ಎಂದುಕೊಂಡಿದ್ದಳು.

"ಯಾರಿಗರ ಹೇಳೀರೇನು?"

"ಹುಚ್ಚೇನ ನಿಂಗ? ಹೇಳಿದ್ರ ಬಂದು ರಿಪೇರಿ ಮಾಡ್ತಾರ."

*

"ತಂಗಿ, ಹೂ ಒಣಗೇತಂತ ತಗದೆ, ಗಂಧ ಹಂಗ ಬಿಟ್ಟಿದ್ದೆ," ಅಂದ ಹುಸೇನಸಾಬ್. ಇಂದುಮತಿಯ ಮಾತಿನ ಮೇಲೆ ಏಣಿ ಹತ್ತಿ ಆಂಟೆನಾದ ತಿರುಪು ಬಿಚ್ಚುತ್ತಿದ್ದ. ಜೋಡಣೆಯ ಒಳಗೆ ಗಂಧದ ನೀರು ಇಳಿದು, ಹಿತ್ತಾಳೆಯ ಮೇಲೆ ಹಸಿರು ಕಟ್ಟಿತ್ತು. ಅವನು ಸೂಜಿಯಿಂದ ಕೆರೆದ. ಬಿಳಿ ಹುಡಿ ಉದುರಿತು. "ಇದರೊಳಗಿಂದ ಏನೂ ಹೊರಗ ಹೋಗಿಲ್ಲ ನೋಡು. ಪೂಜಿ ದಿನದಿಂದ ಈ ಪೆಟ್ಟಿಗಿ ಮೌನವ್ರತ ಹಿಡದೈತಿ."

ಬಸ್ಸಿನಿಂದ ಅಂಕಗಳು ಮೊಬೈಲ್ ಜಾಲದ ಮೂಲಕ ಬರುತ್ತಿದ್ದವು, ಅವಕ್ಕೆ ತೊಂದರೆಯಿರಲಿಲ್ಲ. ಕಹಿ, ಸಿಹಿಗಳು ಮಾತ್ರ ಈ ಪೆಟ್ಟಿಗೆಯಿಂದ ಹೋಗಬೇಕಿತ್ತು. ಗುಂಡಿ ಒತ್ತಿದಾಗಲೆಲ್ಲ ಯಂತ್ರ 'ಕಳಿಸಲಾಗಿದೆ' ಎಂದು ಬರೆದುಕೊಳ್ಳುತ್ತಿತ್ತು. ತಲುಪಿತೇ ಎಂದು ಅದು ಯಾರನ್ನೂ ಕೇಳಿರಲಿಲ್ಲ.

"ನನ್ನ ನೌಕರಿ ಹೋಗತೈತೇನು?" ಹುಸೇನಸಾಬ್ ಕೇಳಿದ.

"ಇಲ್ಲ ಕಾಕಾ. ನಿನ್ನ ಗಂಧ ಮಾಡಿದಷ್ಟು ಕೆಲಸಾ ನಾವ್ಯಾರೂ ಮಾಡಿಲ್ಲ."

ಅವಳು ಹನ್ನೊಂದು ದಿನದ ಅಂಕಿಗಳನ್ನು ಬೇರೆ ತೆಗೆದು ಕೂತಳು. ಕಹಿ 'ಕಳಿಸಲಾದ' ಟ್ರಿಪ್ಪಿನ ನಂತರ, ಯಾವ ನಾಲಗೆಯನ್ನೂ ಯಾವ ಕಹಿಯೂ ಮುಟ್ಟದಿದ್ದಾಗ, ಚಾಲಕರು ಮೇಲೇರಿದ್ದು ಹದಿನಾಲ್ಕು ಅಂಕ. ಸಿಹಿ 'ಕಳಿಸಲಾದ' ನಂತರ ಕೆಳಗಿಳಿದದ್ದು ಹನ್ನೊಂದು.

ಆಮೇಲೆ ಎರಡು ವರ್ಷದ ಹಿಂದಿನ ದಾಖಲೆ ತೆಗೆದಳು. ಬಸ್ಸಿಗೆ ಅಂಕದ ಯಂತ್ರ ಬಂದಿತ್ತು, ಬೀಜ ಇನ್ನೂ ಹುಟ್ಟಿರಲಿಲ್ಲ. ತೀರಾ ಕೆಟ್ಟ ಟ್ರಿಪ್ಪಿನ ನಂತರ ಹದಿನಾಲ್ಕು ಮೇಲೆ. ತೀರಾ ಒಳ್ಳೆಯ ಟ್ರಿಪ್ಪಿನ ನಂತರ ಹನ್ನೊಂದು ಕೆಳಗೆ.

ಅವಳು ಪೆನ್ನು ಕೆಳಗಿಟ್ಟು ಕಿಟಕಿಯತ್ತ ನೋಡಿದಳು. ಕಬ್ಬಿನ ಟ್ರ್ಯಾಕ್ಟರುಗಳ ಸಾಲು ಹೋಗುತ್ತಿತ್ತು.

*

ಡಾಕ್ಟರು ಹಾಳೆಗಳನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿ ಮೂರನೇ ಸಲ ಓದಿದರು.

"ಅರ್ಥ ಆಯ್ತು ನೀವು ಹೇಳ್ತಿರೋದು," ಅಂದರು ಕೊನೆಗೆ. "ಒಂದು ಟ್ರಿಪ್ಪಿನ ಅಂಕದಲ್ಲಿ ಅರ್ಧ ಚಾಲಕಂದು, ಅರ್ಧ ರಸ್ತೆದು. ಎಲ್ಲ ತೊಂದರೆ ಒಟ್ಟಿಗೆ ಬಂದಾಗ ಅಂಕ ಪಾತಾಳಕ್ಕೆ ಹೋಗುತ್ತೆ. ಮುಂದಿನ ಸಲ ಅಷ್ಟೂ ತೊಂದರೆ ಒಟ್ಟಿಗೆ ಬರಲ್ಲ, ತಾನಾಗೇ ಮೇಲೆ ಬರುತ್ತೆ. ನಡುವೆ ನಾವು ಕಹಿ ಕೊಟ್ಟಿರ್ತೀವಿ. ಕಹಿಯಿಂದ ಬಂತು ಅಂತೀವಿ."

"ಹೌದ್ರಿ ಸರ್. ಸಿಹಿಗೂ ಹಂಗ. ಎಲ್ಲಾ ಅನುಕೂಲ ಆದ ದಿನ ಸಿಹಿ ಕೊಡ್ತೀವಿ. ಮುಂದಿನ ಸಲ ಇಳಿಲೇಬೇಕು. ಸಿಹಿ ಕೆಡಸ್ತು ಅಂತೀವಿ. ಬೈಯೋರಿಗೆ ಯಾವಾಗ್ಲೂ ತಾವು ಗೆದ್ದಂಗ ಕಾಣತೈತಿ, ಹೊಗಳೋರಿಗೆ ಸೋತಂಗ."

ಡಾಕ್ಟರು ಹಾಳೆಗಳನ್ನು ಅಂಚು ಕೂಡಿಸಿ ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ಆ ಇಪ್ಪತ್ತು ವರ್ಷದ ಇಲಿಗಳೆಲ್ಲ ಒಮ್ಮೆ ಓಡಾಡಿದಂತೆ ಕಂಡಿತು. ಒಂದು ಕ್ಷಣ ಇಂದುಮತಿಗೆ ಅವರು ತನ್ನ ಕಡೆ ಬಂದೇಬಿಡುತ್ತಾರೆ ಅನ್ನಿಸಿತು.

"ಆದ್ರೆ ಈ ಹನ್ನೊಂದು ದಿನ ಯಂತ್ರ ಕೆಟ್ಟಿತ್ತು," ಅಂದರು ಅವರು. "ಕೆಟ್ಟ ಯಂತ್ರದ ದಿನಗಳನ್ನ ಲೆಕ್ಕಕ್ಕೆ ಹಿಡಿಯೋದು ಯಾವ ಶಾಸ್ತ್ರದಲ್ಲೂ ಇಲ್ಲ. ಕೈಬಿಡೋಣ. ಎರಡು ವರ್ಷದ ಹಿಂದಿನದು ನಮ್ಮ ಪ್ರಯೋಗದ ವ್ಯಾಪ್ತಿಗೇ ಬರಲ್ಲ."

"ಸರ್, ಈಗ ನೀವ ಒಪ್ಪಿದ್ರಿ."

"ಅರ್ಥ ಆಯ್ತು ಅಂದೆ. ಒಪ್ಪಿದೆ ಅನ್ನಲಿಲ್ಲ. ವರದಿ ಸಿದ್ಧ ಆಗಿದೆ, ಇಂದುಮತಿ. ಹನ್ನೊಂದು ಸಾವಿರ ಬೀಜ ತಯಾರಾಗ್ತಿದೆ."

"ಹಂಗಾರ ನನ್ನ ಸಹಿ ಇಲ್ಲದ ಹೋಗ್ಲಿ."

ಮೂರು ದಿನಕ್ಕೆ ಮೆಮೋ ಬಂತು. ನಿಯಂತ್ರಣ ಕೋಣೆಯ ಉಪಕರಣಕ್ಕೆ ಅನ್ಯ ವಸ್ತು ಲೇಪಿಸಲು ಅವಕಾಶ ಕೊಟ್ಟ ನಿರ್ಲಕ್ಷ್ಯಕ್ಕಾಗಿ ದಾಖಲೆ ಸಹಾಯಕಿಯ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು ಅದರಲ್ಲಿ ಕೇಳಿತ್ತು. ಇಂದುಮತಿ ಉತ್ತರ ಬರೆದಳು. ಒಂದೇ ವಾಕ್ಯ: ಅವಕಾಶ ಕೊಟ್ಟವರು ಫೋಟೋದಲ್ಲಿದ್ದಾರೆ. ಜೊತೆಗೆ ಡಾಕ್ಟರು ಗಂಧ ಹಚ್ಚಿದ ಪೆಟ್ಟಿಗೆಯ ಪಕ್ಕ ನಗುತ್ತ ನಿಂತ ಫೋಟೋ ಲಗತ್ತಿಸಿದಳು. ಅದಕ್ಕೆ ಮರುದಿನವೇ ವರ್ಗಾವಣೆಯ ಆದೇಶ ಬಂತು. ಪ್ರಯೋಗ ಮುಗಿದ ಕೂಡಲೇ ನೂರಿಪ್ಪತ್ತು ಕಿಲೋಮೀಟರು ದೂರದ ಡಿಪೋ. ಅವಳು ಆದೇಶದ ಪ್ರತಿಗೆ ತಲುಪಿದೆ ಎಂದು ಸಹಿ ಮಾಡಿ ಕೊಟ್ಟಳು. ವರದಿಗೆ ಮಾಡಲಿಲ್ಲ.

*

ಪೆಟ್ಟಿಗೆ ರಿಪೇರಿಯಾಗಿತ್ತು. ಮಿಕ್ಸರು ಮತ್ತೆ ಕಪಾಟಿನ ಮೇಲೆ ಹೋಗಿತ್ತು.

ಭಾನುವಾರ ಮಧ್ಯಾಹ್ನ ಇಂದುಮತಿ ಆರು ಹುಣಸೆಬೀಜದ ಹೋಳುಗಳನ್ನು ತಂದಳು. ಒಂದು ಬದಿ ಉಜ್ಜಿ ಬಿಳಿ ಮಾಡಿದ, ಚೌಕಾಬಾರ ಆಡುವ ಹೋಳುಗಳು.

"ಒಗೀರಿ. ಎಷ್ಟು ಬಿಳೇವು ಮ್ಯಾಲ ಬೀಳ್ತಾವೋ ಅಷ್ಟು ಅಂಕ. ಒಂದಕ್ಕಿಂತ ಹೆಚ್ಚು ಬೀಳ್ಲಿಲ್ಲಂದ್ರ ಬೀಜಕ್ಕ ಬೈರಿ. ಐದು, ಆರು ಬಿದ್ರ ಮುದ್ದಾಡ್ರಿ."

ಫಕೀರಪ್ಪ ಒಗೆದ. ಒಂದು. "ಥೂ ಸೂಳೇಮಕ್ಕಳ್ರಾ," ಅಂದ. ಮತ್ತೆ ಒಗೆದ. ಮೂರು. ಆಮೇಲೆ ಎರಡು. ಆಮೇಲೆ ಐದು. "ಶಾಣ್ಯಾ ಅದಾವ ನನ್ನ ಮಕ್ಕಳು," ಎಂದು ಹೋಳುಗಳನ್ನು ಕೆನ್ನೆಗೆ ಒತ್ತಿಕೊಂಡ. ಮುಂದಿನದು ಎರಡು. ಅರ್ಧ ತಾಸು ಒಗೆದ. ಬೈದಾಗಲೆಲ್ಲ ಹೆಚ್ಚುಕಡಿಮೆ ಮೇಲೇರಿದವು, ಮುದ್ದಾಡಿದಾಗಲೆಲ್ಲ ಹೆಚ್ಚುಕಡಿಮೆ ಇಳಿದವು. ಮೊದಲು ನಗುತ್ತಿದ್ದ. ಆಮೇಲೆ ನಗು ನಿಂತಿತು.

"ಹುಣಸಿಬೀಜಕ್ಕ ಕಿವಿ ಇಲ್ಲ," ಅಂದ.

"ಇಲ್ಲ."

"ಅಂದ್ರ ಐದೂವರಿ ತಿಂಗಳು ನಾ ತಿಂದ ಕಹಿ ಎಲ್ಲಾ ಹಿಂಗ. ಬೀಜಕ್ಕ ಬೈದಂಗ."

"ಹೌದು."

ಅವನು ಹೋಳುಗಳನ್ನು ಒಂದೊಂದಾಗಿ ಆರಿಸಿ ಅವಳ ಅಂಗೈಯಲ್ಲಿ ಹಾಕಿದ. "ನಿನ್ನ ಲೆಕ್ಕಾ ಖರೆ, ಇಂದೂ. ಆದ್ರ ಕಹೀನೂ ಖರೇನ ಐತಲ್ಲ." ಸ್ವಲ್ಪ ತಡೆದು ಹೇಳಿದ, "ನಿನ್ನೆ ಡಾಕ್ಟರ್ ಕರದಿದ್ರು. ನೀ ಸಹಿ ಮಾಡಿದ್ರ ನನ್ನ ಬೀಜ ತೆಗಿತಾರಂತ. ಜಲ್ಮಕ್ಕ ಮತ್ತ ಹಾಕೂದಿಲ್ಲಂತ. ಮಾಡ್ಲಿಲ್ಲಂದ್ರ ಪ್ರಯೋಗ ಇನ್ನಾರು ತಿಂಗಳು ನಡಿತೈತಂತ."

"ನೀವು ಏನಂದ್ರಿ?"

"ಕೇಳ್ತೀನಿ ಅಂದೆ. ಕೇಳಾಕತ್ತೀನಿ." ಅವನು ಅವಳ ಮುಖ ನೋಡಲಿಲ್ಲ. "ಮಾಡಿಬಿಡು. ನಾ ಅಂಥಾ ದೊಡ್ಡ ಮನಷ್ಯಾ ಅಲ್ಲ. ನಂಗ ರೊಟ್ಟಿ ರುಚಿ ಹತ್ತಿದ್ರ ಸಾಕಾಗೇತಿ."

*

ಸೋಮವಾರ ಬೆಳಿಗ್ಗೆ ಡಾಕ್ಟರ ಮೇಜಿನ ಮೇಲೆ ಎರಡು ಹಾಳೆಗಳಿದ್ದವು. ಪಕ್ಕದ ಸ್ಟೀಲಿನ ತಟ್ಟೆಯಲ್ಲಿ ಹತ್ತಿ, ಸ್ಪಿರಿಟ್ಟು, ಬೀಜ ಹೊರತೆಗೆಯುವ ಸಣ್ಣ ಇಕ್ಕಳ. ಐದು ನಿಮಿಷದ ಕೆಲಸ.

"ಕೂತ್ಕೊಳ್ಳಿ ಫಕೀರಪ್ಪನವರೇ. ಎಡಗಡೆ ಬೆಳಕು ಬೀಳೋ ಹಾಗೆ. ಹಾಂ." ಡಾಕ್ಟರು ಒಂದು ಹಾಳೆಯನ್ನು ಇಂದುಮತಿಯ ಮುಂದೆ ಸರಿಸಿದರು. ಪೂಜೆಯ ನಂತರದ ಹನ್ನೊಂದು ದಿನಗಳ ಮಾಹಿತಿ ದೋಷಪೂರಿತವಾದ್ದರಿಂದ ಕೈಬಿಡಲಾಗಿದೆ ಎಂದು ಅದರಲ್ಲಿ ಬರೆದಿತ್ತು. "ನಿಮ್ಮ ವರ್ಗಾವಣೆನೂ ರದ್ದಾಗುತ್ತೆ. ಆ ಮೆಮೋ ನನಗೂ ಇಷ್ಟ ಇರಲಿಲ್ಲ."

"ಸರ್," ಅಂದಳು ಇಂದುಮತಿ. "ಮೆಮೋ ಕೊಟ್ರಿ, ಅದು ನಂದಿತ್ತು, ತಗೊಂಡೆ. ವರ್ಗಾ ಮಾಡಿದ್ರಿ, ಅದೂ ನಂದು. ಆದ್ರ ಈಗ ಕೊಡಾಕತ್ತಿದ್ದು ನಂದಲ್ಲ. ಅದು ಅವರ ನಾಲಿಗಿ. ಬ್ಯಾಡ ಅನ್ನಾಕ ನಂಗ ಹಕ್ಕಿಲ್ಲ. ಅವರನ್ನ ಕೇಳ್ರಿ. ಅವರು ಹೂಂ ಅಂದ್ರ ನಾ ಸಹಿ ಮಾಡ್ತೀನಿ. ಮಾಡಿ, ಮನೀಗಿ ಹೋಗಿ ಅಳ್ತೀನಿ. ಆದ್ರ ಮಾಡ್ತೀನಿ."

ಅವಳು ಪೆನ್ನಿನ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು.

ಡಾಕ್ಟರು ಎರಡನೆಯ ಹಾಳೆಯನ್ನು ಫಕೀರಪ್ಪನತ್ತ ತಿರುಗಿಸಿದರು. "ನಿಮ್ಮದು ಒಂದು ಸಹಿ. ಇಲ್ಲಿ, ಕೆಳಗೆ."

ಫಕೀರಪ್ಪ ಕಿವಿಯನ್ನು ಬೆಳಕಿಗೆ ಒಡ್ಡಿ ಕೂತಿದ್ದವನು ನೆಟ್ಟಗಾದ. ಹಾಳೆ ಎತ್ತಿಕೊಂಡು ತುಟಿ ಅಲ್ಲಾಡಿಸುತ್ತ ನಿಧಾನವಾಗಿ ಓದಿದ. ಮಾರ್ಗದ ಬೋರ್ಡು ಬಿಟ್ಟರೆ ಅವನು ಹೆಚ್ಚು ಓದುವವನಲ್ಲ. ಆದರೆ ಓದಿದರೆ ಪೂರ್ತಿ ಓದುವವನು.

"'ಕಹಿಯ ಪ್ರಭಾವದಿಂದ ಸಂಪೂರ್ಣ ಸುಧಾರಿಸಿದ ಚಾಲಕ'," ಗಟ್ಟಿಯಾಗಿ ಓದಿದ. "ಇದು ನಾನೇನು?"

"ನೀವೇ. ಒಳ್ಳೆ ಮಾತೇ ಅದು. ಅದರ ಆಧಾರದ ಮೇಲೇ ವಿನಾಯಿತಿ."

"ಮೊದಲ ಏನಿದ್ದೆ ನಾನು?"

ಡಾಕ್ಟರು ಕಡತ ನೋಡಿದರು. "ಮೊದಲ ತಿಂಗಳು ಸರಾಸರಿ ಐವತ್ತೆರಡು. ಈಗ ಅರವತ್ತೊಂದು."

"ಮೊದಲ ತಿಂಗಳು ಸೇತುವಿ ರಿಪೇರಿ ಇತ್ತು. ಎಲ್ಲಾ ಬಸ್ಸು ಸಂತ್ಯಾಗಿಂದ ಹೊಂಟಿದ್ವು. ಒಂದ್ ಕಡೆ ಕಾಯಿಪಲ್ಲೆ, ಒಂದ್ ಕಡೆ ದನಾ. ಅದು ಬರದೀರೇನ್ರಿ?"

"ಅಷ್ಟೆಲ್ಲ ಯಂತ್ರಕ್ಕೆ ಗೊತ್ತಾಗಲ್ಲ."

"ನಿಮಗ ಗೊತ್ತಾತಲ್ಲ, ಈಗ."

ಡಾಕ್ಟರು ಇಕ್ಕಳವನ್ನು ಹತ್ತಿಯಿಂದ ಒರೆಸಿದರು.

"ಹತ್ತೊಂಬತ್ತು ವರ್ಷ ಆತು ನಾ ಸ್ಟೇರಿಂಗ್ ಹಿಡದು," ಫಕೀರಪ್ಪ ಹೇಳಿದ. "ಒಂದ್ ಕೋಳಿ ಮ್ಯಾಲ ಗಾಲಿ ಹಾಯಿಸಿಲ್ಲ. ನಂಗ ಗಾಡಿ ಕಲಿಸಿದಾಂವ ನಮ್ಮ ಸ್ವಾದರಮಾವ. ಅಂವ ಒಂದ್ ದಿನಾ ಬಡಿಲಿಲ್ಲ, ಒಂದ್ ದಿನಾ ಶಭಾಷ್ ಅನ್ಲಿಲ್ಲ. ಮಗ್ಗಲಾ ಕುಂತು ರಸ್ತಾ ನೋಡ್ತಿದ್ದ. ಅಷ್ಟ." ಅವನು ಹಾಳೆಯ ಮೇಲೆ ಬೆರಳಿಟ್ಟ. "ಈ ಒಂದ್ ಸಾಲು ತಗದ್ರ ಆಗೂದಿಲ್ಲೇನು?"

"ಆ ಸಾಲು ಇದ್ರೇನೇ ವಿನಾಯಿತಿ, ಫಕೀರಪ್ಪ. ಸುಧಾರಿಸದೇ ಇರೋನ ಬೀಜ ತೆಗೆಯೋಕೆ ನಿಯಮ ಇಲ್ಲ. ಒಂದು ಸಾಲು ತಾನೇ. ಯಾರು ಓದ್ತಾರೆ?"

"ಹನ್ನೊಂದ್ ಸಾವಿರ ಮಂದಿ ಕಿವ್ಯಾಗ ಹಾಕ್ತೀರಲ್ಲ ಇದನ್ನ ತೋರಿಸಿ. ಅವರು ಓದ್ತಾರ."

ಹೊರಗೆ ಅಂಗಳದಲ್ಲಿ ಬಸ್ಸೊಂದು ಬಂದು ನಿಂತಿತು. ಎಂಜಿನ್ ಒಮ್ಮೆ ಕೆಮ್ಮಿ ಆರಿತು. ಆಮೇಲೆ ಮೌನ. ಫಕೀರಪ್ಪನ ದವಡೆ ಬಿಗಿಯಿತು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಡಾಕ್ಟರು ಕಡತ ನೋಡುತ್ತಿದ್ದರು, ಅವರಿಗೆ ಕಾಣಲಿಲ್ಲ. ಇಂದುಮತಿಗೆ ಕಂಡಿತು. ಅವಳು ಮನಸ್ಸಿನಲ್ಲೇ ಎಣಿಸಿದಳು. ನಲವತ್ತು. ಮೂವತ್ತೊಂಬತ್ತು. ಮೂವತ್ತೆಂಟು. ಅವನು ಉಗುಳಲಿಲ್ಲ. ಕಣ್ಣನ್ನೂ ಮುಚ್ಚಲಿಲ್ಲ. ಬಾಯಿ ತುಂಬ ಕಹಿ ಇಟ್ಟುಕೊಂಡು ಡಾಕ್ಟರನ್ನೇ ನೋಡುತ್ತ ಕೂತ.

ಎಣಿಕೆ ಮುಗಿಯುವ ಮೊದಲೇ ಡಾಕ್ಟರು ತಲೆಯೆತ್ತಿ, ಇಕ್ಕಳ ಕೈಗೆತ್ತಿಕೊಂಡರು. "ಹೂಂ ಅನ್ನಿ. ಐದು ನಿಮಿಷದಲ್ಲಿ ಮುಗೀತು. ಇವತ್ತು ಮಧ್ಯಾಹ್ನದ ಊಟ ರುಚಿಯಾಗಿರುತ್ತೆ."

ಫಕೀರಪ್ಪ ಹಾಳೆಯನ್ನು ಒಂದೇ ಬೆರಳಿಂದ ಮೇಜಿನ ಆ ತುದಿಯವರೆಗೂ ತಳ್ಳಿದ.

"ಬ್ಯಾಡ," ಅಂದ.